ಚಿಲ್ಲರೆ ಅಕ್ಕನ ಕೋಣೆ

ಕಂಪ್ಯೂಟರ್ ಆಟಗಳನ್ನು ಮಾಡುವ ಕಂಪನಿಯಲ್ಲಿ ಅವಳಿಗೆ ಚಿಲ್ಲರೆ ಅಕ್ಕ ಎಂದು ಹೆಸರು ಬಿದ್ದದ್ದು ಕಂಪ್ಯೂಟರಿನ ಒಂದು ಫೋಲ್ಡರಿನಿಂದ. ಆಟದೊಳಗಿನ ಗೋಡೆ, ಬೀದಿ, ಮರಗಳನ್ನು ಮಾಡುವವರು ದೊಡ್ಡವರು. ಅವಳು ಮಾಡುವ ಲೋಟ, ಬಾಚಣಿಗೆ, ಕನ್ನಡಕ, ಚಪ್ಪಲಿಗಳೆಲ್ಲ 'ಚಿಲ್ಲರೆ'. ಫೋಲ್ಡರಿಗೆ ಆ ಹೆಸರಿಟ್ಟ ಪುಣ್ಯಾತ್ಮ ಕೆಲಸ ಬಿಟ್ಟು ಎಲ್ಲಿಗೋ ಹೋದ. ಹೆಸರು ಮಾತ್ರ ಇವಳಿಗೆ ಅಂಟಿಕೊಂಡಿತು.

ಚಿಕ್ಕಂದಿನಿಂದಲೂ ಅವಳ ಕಣ್ಣೇ ಹಾಗೆ. ನೆಂಟರ ಮನೆಗೆ ಹೋದರೆ ಮಾತುಕತೆ ಬಿಟ್ಟು, ಅವರ ಕುರ್ಚಿಯ ಯಾವ ಕೈ ಹೆಚ್ಚು ಸವೆದಿದೆ ಎಂದು ಸವರಿ ನೋಡುವವಳು. "ಇವಳನ್ನ ಎಲ್ಲಿಗೆ ಕರ್ಕೊಂಡು ಹೋದ್ರೂ ಮಾನ ಕಳೀತಾಳೆ," ಎಂದು ಅಮ್ಮ ಗೊಣಗುತ್ತಿದ್ದಳು. ಈಗ ಆ ಕಣ್ಣೇ ಅನ್ನ ಹಾಕುತ್ತಿತ್ತು.

ಈ ಸಲದ ಆಟದಲ್ಲಿ ಮೊಮ್ಮಗಳೊಬ್ಬಳು ತಾನು ಎಂದೂ ನೋಡದ ಅಜ್ಜಿಯ ಕೋಣೆಗೆ ಬರುತ್ತಾಳೆ. ಅಜ್ಜಿ ಎಂಥವಳೆಂದು ಅಲ್ಲಿನ ಸಾಮಾನೇ ಹೇಳಬೇಕು. ವರ್ಷವಿಡೀ ಕೂತು ಅವಳು ಆ ಕೋಣೆ ತುಂಬಿದಳು. ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿದಳು. ತನ್ನ ಅಮ್ಮನ ಹೊಲಿಗೆ ಯಂತ್ರವನ್ನೇ ನೋಡಿಕೊಂಡು, ಬಲಗಾಲು ಊರುವ ಕಡೆ ಮಾತ್ರ ಬಣ್ಣ ಹೋದ ಪೆಡಲ್ ಮಾಡಿದಳು.

ಆಡಿ ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಕೋಣೆ ಖಾಲಿ.

ಖಾಲಿಯಂತೆ! ಏಕೆ, ಏನು ಎಂದು ಕೇಳುವ ಸೌಜನ್ಯವಾದರೂ ಬೇಡವೇ? ಮೇಲಿನವರು ಮೀಟಿಂಗ್ ಮಾಡಿ, ಯಾರ ಕಣ್ಣಿಗೂ ಬೀಳದ ಚಿಲ್ಲರೆಯನ್ನು ಸಂಜೆಯೊಳಗೆ ಅಳಿಸಿಬಿಡಿ ಎಂದು ಹೇಳಿ ಕೈತೊಳೆದುಕೊಂಡರು.

ಅವಳ ಮೈಯೆಲ್ಲ ಉರಿಯಿತು. ಸೀದಾ ಪಕ್ಕದ ಮೇಜಿನವನ ಕಡೆ ಕುರ್ಚಿ ತಿರುಗಿಸಿದಳು. ಆಫೀಸಿನವರೆಲ್ಲ ಅವನನ್ನು ದೂರದ ಸಾಹೇಬ ಎನ್ನುತ್ತಿದ್ದರು, ಏಕೆಂದರೆ ಯಾವ ವಸ್ತು ಎಷ್ಟು ದೂರದಿಂದ ಲೋಡ್ ಆಗಬೇಕೆಂದು ಗೊತ್ತುಮಾಡುವವನು ಅವನೇ. ಆಟಗಾರ ಹತ್ತಿರ ಬಂದಂತೆ ಸಾಮಾನು ತೆರೆಮರೆಯಲ್ಲೇ ಲೋಡ್ ಆಗಿ ಕಾಣಿಸಿಕೊಳ್ಳುತ್ತದೆ, ದೂರ ಹೋದರೆ ಮಾಯವಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹೇರಿದರೆ ಆಟ ಮುಗ್ಗರಿಸುತ್ತದೆ, ಅದು ಅವಳಿಗೂ ಗೊತ್ತು. ಆದರೆ ಗೋಡೆಗಳಿಗೆ ಇಡೀ ಬೀದಿಯ ದೂರ ಕೊಟ್ಟ ಮಹಾಶಯ ಚಿಲ್ಲರೆಗೆ ಕೊಟ್ಟದ್ದು ನಾಲ್ಕೇ ಹೆಜ್ಜೆ!

"ನನ್ ಕಂಪ್ಯೂಟರಲ್ಲಿ ಎಲ್ಲಾ ಕಾಣುತ್ತಲ್ಲ ಅಕ್ಕ," ಎಂದ ಅವನು, ಪರದೆಯಿಂದ ಕಣ್ಣು ಕೀಳದೆ.

"ನೀವು ಆಟ ಎಲ್ಲಿಂದ ಶುರು ಮಾಡ್ತೀರಿ?"

"ಕೋಣೆ ಮಧ್ಯದಿಂದ. ದಿನಾ ಬಾಗಿಲಿಂದ ಬರೋಕೆ ಯಾರಿಗಿದೆ ಪುರುಸೊತ್ತು?"

ಅಲ್ಲ, ಸೂರು ಒಡೆದುಕೊಂಡು ನಡುಮನೆಗೆ ಧುಮುಕುವ ನೆಂಟರನ್ನು ಯಾರಾದರೂ ಕಂಡಿದ್ದಾರೆಯೇ? ಇವನು ಧುಮುಕಿ, ಎಲ್ಲ ಲೋಡ್ ಆಗುವವರೆಗೆ ಟೀ ಹೀರುತ್ತ ಕೂತು, ಆಮೇಲೆ ಸರಿಯಾಗಿದೆ ಎಂದು ಬರೆಯುತ್ತಿದ್ದ. ಅದಕ್ಕೆ ಬಲಿಯಾಗುವುದು ಅವಳ ಒಂದು ವರ್ಷ.

"ಬಾಗಿಲಿಂದ ಬನ್ನಿ," ಎಂದಳು. ದನಿ ಏರಿತ್ತು, ಆಚೆ ಮೇಜಿನವರೂ ತಿರುಗಿ ನೋಡಿದರು. "ಎಲ್ರ ಥರ ಓಡ್ಕೊಂಡು ಬನ್ನಿ."

ಅವನು ಮುಖ ಸಿಂಡರಿಸಿಕೊಂಡೇ ಮೊಮ್ಮಗಳನ್ನು ಬೀದಿಯಲ್ಲಿ ನಿಲ್ಲಿಸಿ ಓಡಿಸಿದ. ಬಾಗಿಲು, ಬರಿಗೋಡೆ, ಬರಿನೆಲ, ಆಮೇಲೆ ಹಿತ್ತಲ ಬಾಗಿಲು.

"ಏನೂ ಇಲ್ವಲ್ಲ," ಎಂದ.

"ಹಿಂದಕ್ಕೆ ತಿರುಗಿ."

ತಿರುಗಿದ. ಪರದೆಯಲ್ಲಿ, ಮೊಮ್ಮಗಳು ದಾಟಿ ಬಂದ ಕೋಣೆಗೆ ಸಾಮಾನು ಆಗಷ್ಟೇ ಒಂದೊಂದಾಗಿ ಬರುತ್ತಿತ್ತು. ದಾರ ಸುತ್ತಿದ ಕನ್ನಡಕ ಬಂತು, ಚಪ್ಪಲಿ ಬಂತು, ಕೊನೆಗೆ ಹೊಲಿಗೆ ಯಂತ್ರ. ಅವನು ಮೊಮ್ಮಗಳನ್ನು ಮೆಲ್ಲಗೆ ಹತ್ತಿರಕ್ಕೆ ನಡೆಸಿ, ಬಗ್ಗಿಸಿ, ಬಣ್ಣ ಹೋದ ಪೆಡಲನ್ನು ಬಹಳ ಹೊತ್ತು ನೋಡಿದ.

"ಅಳಿಸೋದು ಬೇಡ. ಮೇಲಿನವರಿಗೆ ನಾನೇ ಹೇಳ್ತೀನಿ," ಎನ್ನುತ್ತ, ಮೊಮ್ಮಗಳು ಬೀದಿಯಲ್ಲಿರುವಾಗಲೇ ಕೋಣೆಯ ಸಾಮಾನು ಒಂದೊಂದಾಗಿ ಲೋಡ್ ಆಗುವಂತೆ ದೂರ ತಿದ್ದಿದ. ಆಮೇಲೆ, ಮೊದಲ ಸಲ ನೋಡುವವನಂತೆ ಅವಳ ಕಡೆ ತಿರುಗಿದ.

"ಅಕ್ಕ, ಇಷ್ಟೆಲ್ಲಾ ಯಾವಾಗ ಮಾಡಿದ್ರಿ?"

ಸ್ವಲ್ಪ ಹಿಂದೆ ಸರಿದರೆ ಇಬ್ಬರ ಕುರ್ಚಿಗಳೂ ಒಂದಕ್ಕೊಂದು ತಾಗುತ್ತಿದ್ದವು.

"ಇಲ್ಲೇ," ಎಂದಳು ಅವಳು, "ನಿಮ್ ಪಕ್ಕದಲ್ಲೇ ಕೂತ್ಕೊಂಡು."