ಕಸಿಯದ ಚೆಂಡಿಗೆ ಅಂಕವಿಲ್ಲ

ರನ್ನ ಬೆಳಗಲಿ ಊರಿನ ಮಾಲಾ ಮುಧೋಳದ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ, ಎದುರಾಳಿಯ ಒಬ್ಬಳನ್ನು ಕಾಯುವುದು. ಚಿಕ್ಕಂದಿನಿಂದ ಅಪ್ಪನ ಹಿಂದೆ ಕುರಿ ಕಾಯ್ದವಳು; ಕುರಿ ಬೆಳೆಗೆ ನುಗ್ಗುವ ಮೊದಲೇ ಅಡ್ಡ ನಿಲ್ಲುವುದು ಅವಳಿಗೆ ರೂಢಿ. ಅವಳು ಕಾಯುವ ಹುಡುಗಿಗೆ ಚೆಂಡೇ ಸಿಗುತ್ತಿರಲಿಲ್ಲ.

ತರಬೇತಿ ಕೊಡುವ ಧೀರೇಂದ್ರ ಸರ್ ಕಂಪ್ಯೂಟರಿನಲ್ಲಿ ಒಂದು ಬಾಸ್ಕೆಟ್‌ಬಾಲ್ ಆಟ ಇಟ್ಟುಕೊಂಡಿದ್ದರು. ಒಬ್ಬೊಬ್ಬರಿಗೂ ಅಂಕ ತುಂಬಿದರೆ ಅದು ತಾನೇ ಪಂದ್ಯ ಆಡಿ ಫಲ ಹೇಳುತ್ತಿತ್ತು. ರಕ್ಷಣೆಗೆ ಅದರಲ್ಲಿ ಮೂರು ಅಂಕ: ಚೆಂಡು ಕಸಿಯುವುದು, ಬಾಸ್ಕೆಟ್‌ನತ್ತ ಎಸೆದ ಚೆಂಡನ್ನು ತಡೆಯುವುದು, ಎದುರಾಳಿಯನ್ನು ಬಿಡದೆ ಕಾಯುವುದು. ಮೊದಲೆರಡನ್ನು ಸರ್ ಪಂದ್ಯ ನೋಡಿ ಎಣಿಸಿ ತುಂಬಿದರು. ಮೂರನೆಯದನ್ನು ಎಣಿಸುವುದು ಹೇಗೆಂದು ತಿಳಿಯದೆ ಎಲ್ಲರಿಗೂ ಐವತ್ತು ಕೊಟ್ಟರು. ಹೀಗಾಗಿ ಮಾಲಾ ಎಲ್ಲರಿಗಿಂತ ಕೆಳಗಾದಳು. ಆ ಅಂಕ ನೋಡಿಯೇ ಸರ್ ಆರಿಸುತ್ತಿದ್ದ, ಆಡುವ ಐವರಲ್ಲಿ ಅವಳ ಹೆಸರು ಬರಲಿಲ್ಲ.

“ಸರ್ರ, ನಾ ಕಾಯೂ ಹುಡುಗಿ ಕಡೆ ಚೆಂಡ ಬರೂದಿಲ್ರಿ. ಬರಲಾರದ್ದನ್ನ ಹೆಂಗ ಕಸೀಲಿ?” ಎಂದು ಒಮ್ಮೆ ಕೇಳಿದ್ದಳು.

“ಕಸೀಲಿಲ್ಲಂದ್ರ ನಾ ನಂಬರ್ ಹೆಂಗ ಹಾಕಲಿ?” ಎಂದು ಸರ್ ನಕ್ಕಿದ್ದರು.

2009ರಲ್ಲಿ ತಂಡ ಜಿಲ್ಲಾ ಪಂದ್ಯಾವಳಿಯ ಫೈನಲ್ ತಲುಪಿತು. ಗೆದ್ದವರಿಗೆ ಧಾರವಾಡದ ಪಂದ್ಯಾವಳಿ. ಆದರೆ ಅಂಕದಲ್ಲಿ ಮೇಲಿದ್ದ ಎಂಟು ಜನರನ್ನಷ್ಟೇ ಸರ್ ಕರೆದೊಯ್ಯುವವರಿದ್ದರು. ಮಾಲಾ ಒಂಬತ್ತನೆಯವಳು, ಕೊನೆಯವಳು. ಧಾರವಾಡಕ್ಕೆ ಹೋದರೆ ಮದುವೆ ಮುಂದೆ ಹಾಕುತ್ತೇನೆ, ಇಲ್ಲದಿದ್ದರೆ ಈ ಬೇಸಿಗೆಯಲ್ಲೇ ಲೋಕಾಪುರದ ಸೋದರಮಾವ ಗೂಳಪ್ಪನಿಗೆ ಕೊಡುತ್ತೇನೆ ಎಂದು ತಾಯಿ ಸಾತವ್ವ ಹೇಳಿಬಿಟ್ಟಿದ್ದಳು.

ಫೈನಲ್ ದಿನ, ಐವರಲ್ಲಿ ಕಾಯುವವಳಾಗಿದ್ದ ಉಮಾಶ್ರೀಯ ಕಾಲು ಉಳುಕಿತು. ಅವಳ ಬದಲು ಮಾಲಾ ಇಳಿದಳು. ಜಮಖಂಡಿ ತಂಡದ ಪೂರ್ವಾಳನ್ನು ಕಾಯಬೇಕಿತ್ತು. ಅರ್ಧ ಆಟ ಮುಗಿದಾಗ ಪೂರ್ವಾ ಒಂದೂ ಬಾಸ್ಕೆಟ್ ಹಾಕಿರಲಿಲ್ಲ, ಮುಧೋಳ ಮುಂದಿತ್ತು. ವಿರಾಮದಲ್ಲಿ ಮಾಲಾ, ತಾನು ಕಸಿದದ್ದೆಷ್ಟು ಎಂದು ಸರ್ ಅವರನ್ನು ಕೇಳಿದಳು. ಒಂದೂ ಇಲ್ಲ ಎಂದರು.

ಆಮೇಲೆ ಅವಳು ಅಡ್ಡ ನಿಲ್ಲುವುದನ್ನು ಬಿಟ್ಟಳು. ಪೂರ್ವಾಗೆ ಚೆಂಡು ಬರಗೊಟ್ಟು, ಕಸಿಯಲು ಕೈ ಹಾಕತೊಡಗಿದಳು. ಕೆಲವು ಸಲ ಸಿಕ್ಕಿತು. ಸಿಗದಾಗಲೆಲ್ಲ ಪೂರ್ವಾ ಅವಳನ್ನು ದಾಟಿ ಹೋಗಿ ಬಾಸ್ಕೆಟ್ ಹಾಕಿದಳು. ಮುಧೋಳ ಸೋತಿತು.

ಕೈ ಕುಲುಕುವಾಗ ಪೂರ್ವಾ ಕೇಳಿದಳು: “ಮೊದಲ ನನಗ ಚೆಂಡ ಮುಟ್ಟಗೊಡಲಿಲ್ಲ ನೀ. ಆಮ್ಯಾಲ ಯಾಕ ಬಿಟ್ಟಿ?”

ಮಾಲಾ ಅಂಕ ಬರೆದುಕೊಳ್ಳುತ್ತಿದ್ದ ಸರ್ ಕಡೆ ನೋಡಿದಳು.

ಮರುದಿನ ತಂಡ ಮುಧೋಳಕ್ಕೆ ಮರಳಿದೊಡನೆ ಸರ್ ಹೊಸ ಅಂಕ ತುಂಬಿ ಅವಳನ್ನು ಕರೆದು ತೋರಿಸಿದರು. ರಕ್ಷಣೆಯಲ್ಲಿ ತಂಡಕ್ಕೇ ಮೊದಲಿಗಳಾಗಿದ್ದಳು. ಮೂರನೆಯ ಅಂಕ ಮಾತ್ರ ಇನ್ನೂ ಐವತ್ತೇ ಇತ್ತು. ಮಾಲಾ ಕಾಲೇಜು ಕೊಟ್ಟಿದ್ದ ಆಟದ ಬೂಟುಗಳನ್ನು ಅವರ ಮೇಜಿನ ಕೆಳಗಿಟ್ಟು ಬಸ್ಸಿಗೆ ಹೊರಟಳು.

ಸೋತ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಸಾತವ್ವ ಅರಿಸಿನ ಕುಟ್ಟಲು ಕೂತಿದ್ದಳು.