ಗಾಳಿ ತಾಕದ ಪೀಪಾಯಿ

ಬೆಳಕು ಹರಿಯುವ ಮೊದಲೇ, ಗುತ್ತೂರಿನ ಅಂಚಿನ ಮುಚ್ಚಿದ ಕಾರ್ಖಾನೆಯ ಹಿಂದೆ ದುರುಗಮ್ಮ ನೀಲಿ ಪೀಪಾಯಿಗೆ ಕಿವಿಗೊಟ್ಟು ಕೂತಿದ್ದಾರೆ. ಒಳಗೆ ಕಪ್ಪು ರಾಡಿ ಗುಳುಗುಳು ಅನ್ನುತ್ತಿದೆ. 'ಎದ್ದಾವೆ, ಹಸಿವಾಗೈತೆ' ಎಂದು ಕೊಳವೆಯಲ್ಲಿ ಕಬ್ಬಿನ ಕಾಕಂಬಿ ಕಲಸಿದ ಸಿಹಿನೀರು ಬಿಡುತ್ತಾರೆ. ಮುಚ್ಚಳ ಮಾತ್ರ ತೆಗೆಯುವುದಿಲ್ಲ.

ಅದರೊಳಗಿರುವುದು ಗಾಳಿ ಸೋಕಿದರೆ ಸಾಯುವ, ಕ್ಲೋರಿನ್ ಬೆರೆತ ವಿಷವನ್ನು ಒಡೆದು ಬದುಕುವ ಬ್ಯಾಕ್ಟೀರಿಯಾ. ಅವನ್ನು ಸಾಕಿ, ಹನ್ನೊಂದು ಕೊಳವೆಗಳಲ್ಲಿ ಅಂತರ್ಜಲಕ್ಕೆ ಇಳಿಸುವುದು ಐವತ್ತೆಂಟರ ದುರುಗಮ್ಮನ ಕೆಲಸ. ದಿನಕ್ಕೆ ನಲವತ್ತು ಲೀಟರ್ ಕಾಕಂಬಿ ನೀರು. ಹಬ್ಬಕ್ಕೂ ರಜೆಯಿಲ್ಲ.

ವಿಷ ಆಕಾಶದಿಂದ ಬೀಳಲಿಲ್ಲ. ಬಿಡಿಭಾಗಗಳ ಜಿಡ್ಡು ತೊಳೆದ ದ್ರಾವಣವನ್ನು ಕಾರ್ಖಾನೆ ಹಿತ್ತಲಿಗೆ ಸುರಿಸುತ್ತಿತ್ತು. ಬಕೆಟ್ ಹೊತ್ತವರು ಗುತ್ತಿಗೆಯ ಹೆಣ್ಣಾಳುಗಳು. ಅವರಲ್ಲಿ ದುರುಗಮ್ಮನೂ ಒಬ್ಬರು. 'ಸಿಹಿ ವಾಸ್ನೆ ಬರ್ತಿತ್ರಿ. ವಿಷ ಅಂತ ಯಾವ ಸಾಹೇಬ್ರೂ ಬಾಯಿ ಬಿಡ್ಲಿಲ್ಲ.' ಸಾಹೇಬರು ಲಾಭ ಕಟ್ಟಿಕೊಂಡು, ಗೇಟಿಗೆ ಬೀಗ ಜಡಿದು ಹೋದರು. ವಿಷವನ್ನು ಊರಿಗೆ ಬಿಟ್ಟರು. ಪಕ್ಕದ ಬಾವಿಯ ಮೇಲೆ 'ಕುಡಿಯಬಾರದು' ಎಂದು ಕೆಂಪಕ್ಷರ ಬಿದ್ದು ಹದಿನಾಲ್ಕು ವರ್ಷ.

ಬಾವಿಯ ಮಾತೆತ್ತಿದರೆ ದುರುಗಮ್ಮನ ದನಿ ಮೆತ್ತಗಾಗುತ್ತದೆ. ಕಡರನಾಯಕನಹಳ್ಳಿಯಿಂದ ಸೊಸೆಯಾಗಿ ಬಂದ ಮರುದಿನ ಅತ್ತೆ ಕೊಡ ಕೊಟ್ಟು ಕಳಿಸಿದ್ದು ಅಲ್ಲಿಗೇ. 'ಆ ನೀರಾಗ ತೊಗರಿಬ್ಯಾಳೆ ಒಂದ್ ಕುದಿಗೆ ಬೆಣ್ಣೆ ಆಗ್ತಿತ್ತು. ಈಗ ಬೋರ್ ನೀರಾಗ ಕುಕ್ಕರ್ ಐದ್ ಸಲ ಕೂಗಿದ್ರೂ ಬ್ಯಾಳೆ ಕಲ್ಲು.'

ಪೀಪಾಯಿ ಕಾಯುವ ಕೆಲಸ ಹಿಡಿದ ಮೊದಲ ಬೇಸಿಗೆಯಲ್ಲಿ ಧಗೆ ಕಂಡು ಮರುಗಿ, ಮುಚ್ಚಳ ತೆಗೆದು ರಾಡಿಯನ್ನು ಕೋಲಿನಿಂದ ಕದಡಿದ್ದರು. 'ಜೀವ ಅಂದ್ಮ್ಯಾಲೆ ಉಸಿರಾಡಬ್ಯಾಡೇನ್ರಿ?' ಇಡೀ ಪೀಪಾಯಿ ಸತ್ತಿತು. ಐದು ತಿಂಗಳ ದುಡಿಮೆ ಮಣ್ಣುಪಾಲಾಯಿತು. ಅಂದಿನಿಂದ ಮುಚ್ಚಳದ ಮೇಲೆ ಒಂದು ಗುಂಡುಕಲ್ಲು ಕೂತಿದೆ.

ನೀರು ಪರೀಕ್ಷಿಸುವ ಭವ್ಯಾ ಇಂದು ದಾವಣಗೆರೆಯಿಂದ ಬಾವಿಯ ವರದಿ ತಂದಿದ್ದಾರೆ. ಹತ್ತರಲ್ಲಿ ಒಂಬತ್ತು ಪಾಲು ವಿಷ ಹೋಗಿದೆ.

'ಕುಡಿಬೋದೇನ್ರಿ ಮೇಡಂ?'

'ಇನ್ನೆರಡು ವರ್ಷ ತಡೀರಿ, ದುರುಗಮ್ಮ. ಪೂರ್ತಿ ಒಡೆದ್ರೆ ಉಳಿಯೋದು ಬಾಳೆಕಾಯಿ ಹಣ್ಣು ಮಾಡೋ ಗ್ಯಾಸ್ ಅಷ್ಟೇ.'

'ಹಂಗಾದ್ರೆ ಅವಸರ ಬ್ಯಾಡ. ಗುದ್ದಿ ಹಣ್ಣು ಮಾಡಿದ್ರೆ ರುಚಿ ಇರಲ್ಲ.'

ಭವ್ಯಾ ನಗುತ್ತಾರೆ. ದುರುಗಮ್ಮ ಬಾವಿಕಟ್ಟೆಯ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. ಕಲ್ಲಿನಲ್ಲಿ ಹಗ್ಗ ಸವೆಸಿದ ಗೀರುಗಳು ಇನ್ನೂ ಇವೆ.

'ಸುರಿದಿದ್ದು ಇದೇ ಕೈ. ಇದೇ ಕೈಲೆ ಒಂದ್ ಕೊಡ ಸೇದಿ, ಬ್ಯಾಳೆ ಬೇಯಿಸಿ, ನಾನೇ ಮೊದ್ಲು ಉಣ್ಣಬೇಕ್ರಿ. ಆಮ್ಯಾಲೆ ಊರು.'