ಬಾಯಿಗೆ ಬಾರದ ಆಮೆನ್

ಹೆತ್ತೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅಪೊಲಿನಮ್ಮನದು. ಗಂಡ ಲಾಜರ್ ಅಲ್ಲೇ ಕೂಲಿಯ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮಕ್ಕಳಾಗಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಜಪಕ್ಕೆ ಕೂರುತ್ತಿದ್ದರು. ಪ್ರಾರ್ಥನೆ ಲಾಜರ್ ಹೇಳಬೇಕು, ಕೊನೆಯ ‘ಆಮೆನ್’ ಅಪೊಲಿನಮ್ಮ ಹೇಳಬೇಕು. ಮದುವೆಯಾದ ಹೊಸದರಲ್ಲಿ ಆದ ಹಂಚಿಕೆ ಹಾಗೇ ನಡೆದುಬಂದಿತ್ತು.

ಎರಡು ವರ್ಷದ ಹಿಂದೆ ಎದೆನೋವು ಬಂದು ಲಾಜರ್ ತೀರಿಕೊಂಡರು. ಆಮೇಲೆ ಪ್ರಾರ್ಥನೆಯನ್ನೂ ಅಪೊಲಿನಮ್ಮನೇ ಹೇಳತೊಡಗಿದರು. ಆದರೆ ಕೊನೆಯ ಮಾತು ಬಾಯಿಗೆ ಬರಲಿಲ್ಲ. ಕರೆಯುವವಳೂ ನಾನೇ, ಓಗೊಡುವವಳೂ ನಾನೇ ಅನ್ನಿಸಿ ಮನೆ ಇನ್ನಷ್ಟು ಬಿಕೋ ಎನ್ನುತ್ತಿತ್ತು. ಸುಮ್ಮನೆ ಎದ್ದುಬಿಡುವರು. ಅವರಿದ್ದ ಎಸ್ಟೇಟ್ ಮನೆಗಳ ಲೈನಿನಲ್ಲಿ ಬೇರೆ ಕ್ರೈಸ್ತರ ಮನೆ ಇರಲಿಲ್ಲ.

ಕಳೆದ ಜುಲೈನಲ್ಲಿ ಸಕಲೇಶಪುರದ ಚರ್ಚಿಗೆ ಹೋದಾಗ ಸಂಕೋಚದಿಂದಲೇ ಫಾದರ್ ಹತ್ತಿರ ಇದನ್ನು ಹೇಳಿಕೊಂಡರು. ಅವರು ನಿಧಾನವಾಗಿ ವಿವರಿಸಿದರು. ಆಮೆನ್ ಎಂಬುದು ಹೀಬ್ರೂ ಭಾಷೆಯ ಮಾತು. ಗಟ್ಟಿಯಾದದ್ದು, ನಂಬಬಹುದಾದದ್ದು ಎಂಬ ಅರ್ಥ ಅದರ ಬೇರಿನಲ್ಲೇ ಇದೆ. ಒಬ್ಬರು ಬೇಡಿಕೊಂಡಾಗ ಸುತ್ತ ನಿಂತವರು ‘ನಿಜ, ಹಾಗೇ ಆಗಲಿ’ ಎಂದು ಒಪ್ಪುತ್ತಿದ್ದದ್ದು ಹೀಗೆ. ಗ್ರೀಕಿಗೆ, ಲ್ಯಾಟಿನ್ನಿಗೆ, ಕೊನೆಗೆ ಕನ್ನಡಕ್ಕೂ ಅದು ಹೆಚ್ಚುಕಡಿಮೆ ಹಾಗೇ ಬಂತು. ಒಬ್ಬರೇ ಇದ್ದರೂ ಹೇಳಬಹುದು ಎಂದೂ ಸೇರಿಸಿದರು. ಅಪೊಲಿನಮ್ಮನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ‘ಸುತ್ತ ನಿಂತವರು’ ಎಂಬುದೇ.

ಅಂದು ವಾಪಸು ಬರುವಾಗ ರಸ್ತೆಗೆ ಮರ ಬಿದ್ದು ಬಸ್ಸು ಅರ್ಧ ದಾರಿಯಲ್ಲೇ ನಿಂತಿತು. ಪಕ್ಕದ ಸೀಟಿನಲ್ಲಿ ಶಹರ್ ಬಾನು ಎಂಬ ಹೆಂಗಸು, ಹೆತ್ತೂರಿನ ತಂಗಿಯ ಮನೆಗೆ ಹೊರಟವಳು. ಮರ ಕಡಿಯುವುದರೊಳಗೆ ಸಂಜೆಯಾಯಿತು. ಜಪದ ಹೊತ್ತು ತಪ್ಪಬಾರದೆಂದು ಅಪೊಲಿನಮ್ಮ ಕೂತಲ್ಲೇ ಕಣ್ಣು ಮುಚ್ಚಿ, ಗಂಡನ ಆತ್ಮಕ್ಕೆ ಶಾಂತಿ ಕೊಡು ದೇವರೇ ಎಂದು ಮೆಲ್ಲಗೆ ಬೇಡಿಕೊಂಡರು. ಕೊನೆಯಲ್ಲಿ ಎಂದಿನಂತೆ ದನಿ ನಿಂತಿತು.

“ಆಮೀನ್” ಎಂದಳು ಶಹರ್ ಬಾನು.

ಅಪೊಲಿನಮ್ಮ ಬೆಚ್ಚಿ ಕಣ್ಣು ಬಿಟ್ಟರು. “ನಿಮ್ಮಲ್ಲೂ ಐತಾ ಈ ಮಾತು?”

“ಐತೆ ಕಣಕ್ಕ. ಪಕ್ಕದಲ್ಲಿ ಒಬ್ರು ದುವಾ ಕೇಳ್ತಾವ್ರೆ, ಸುಮ್ನೆ ಕೂತ್ಕಳಾಕಾಯ್ತದಾ? ಅಂದ್ಬುಟ್ಟೆ.”

ಅಪೊಲಿನಮ್ಮನಿಗೆ ಅಳು ಬಂತು. ಹೆತ್ತೂರು ಬರುವವರೆಗೂ ಶಹರ್ ಬಾನು ಅವರ ಕೈ ಹಿಡಿದುಕೊಂಡೇ ಇದ್ದಳು. ಆಮೇಲೆ ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ.

ಮರುದಿನ ಅಪೊಲಿನಮ್ಮ ಆ ಮಾತನ್ನು ತಾವೇ ಹೇಳಿದರು. ತಮ್ಮದೇ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು. ಒಂಟಿತನವೇನೂ ಕಡಿಮೆಯಾಗಲಿಲ್ಲ, ಪ್ರಾರ್ಥನೆ ಮಾತ್ರ ಈಗ ಅರ್ಧಕ್ಕೆ ನಿಲ್ಲುವುದಿಲ್ಲ. ಅದು ಮುಗಿದ ಮೇಲೆ ಎದ್ದು ಹೋಗಿ ಒಬ್ಬರಿಗಾಗುವಷ್ಟು ಅಕ್ಕಿ ತೊಳೆಯುತ್ತಾರೆ.